ಇಲ್ಲದ ಮುಳ್ಳು

ಎಡಗೈ ಹೇಗೋ ಅಂಗಿಯೊಳಗೆ ಹೋಯಿತು. ಬಲಗೈ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅತ್ತಿಗೆ ಅಂಗಿಯ ತೋಳನ್ನು ಚೀಲದ ಬಾಯಿಯ ಹಾಗೆ ಅಗಲಿಸಿ ಹಿಡಿದಿದ್ದಳು. ನಾದಿನಿ ಅಣ್ಣನ ಮೊಣಕೈ ಹಿಡಿದು ಮೆಲ್ಲಗೆ ಮಡಚಲು ನೋಡಿದಳು. ಆಗಲಿಲ್ಲ. ಮೈ ಮರಗಟ್ಟಿ ಹೋಗಿತ್ತು.

“ಬದುಕಿದ್ದಾಗಲೂ ಹೊಸ ಅಂಗಿ ಅಂದ್ರೆ ಹೀಗೇ ಬಿಗಿ ಹಿಡೀತಿದ್ದ,” ಎಂದಳು ನಾದಿನಿ ಮೂಗೊರೆಸಿಕೊಳ್ಳುತ್ತ. “ಬಿಡಿ ಅತ್ತಿಗೆ, ಹಿಂದಿನ ಹೊಲಿಗೆ ಬಿಚ್ಚಿಬಿಡ್ತೀನಿ.”

“ಮೊನ್ನೆ ತಾನೇ ನೀನು ಹೊಲಿದು ತಂದಿದ್ದೆ,” ಎಂದಳು ಅತ್ತಿಗೆ.

“ಹೊಲಿದವಳೂ ನಾನೇ, ಬಿಚ್ಚೋಳೂ ನಾನೇ. ಮಲಗಿರೋನ ಬೆನ್ನು ಯಾರು ನೋಡ್ತಾರೆ?”

ನಾದಿನಿಗೆ ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ. ಕತ್ತರಿ ಅವಳ ಕೈಚೀಲದಲ್ಲಿ ಸದಾ ಇರುತ್ತಿತ್ತು. ಬೆನ್ನಿನ ಉದ್ದಕ್ಕೂ ಸರ್ರನೆ ಹೊಲಿಗೆ ಬಿಚ್ಚಿ, ಅಂಗಿಯನ್ನು ಮುಂದಿನಿಂದ ಹೊದಿಸಿ, ತೋಳುಗಳನ್ನು ಕೈಗೆ ಏರಿಸಿ, ಉಳಿದ ಬಟ್ಟೆಯನ್ನು ಬೆನ್ನಡಿಗೆ ಮಡಚಿ ಸೇರಿಸಿದಳು. ಅತ್ತಿಗೆ ಗುಂಡಿ ಹಾಕಿದಳು. ಎದುರಿನಿಂದ ನೋಡಿದರೆ ಹೊಸ ಅಂಗಿ ತೊಟ್ಟು ಎಲ್ಲಿಗೋ ಹೊರಟವನ ಹಾಗೆ ಕಾಣುತ್ತಿದ್ದ.

ಊರಿಗೆಲ್ಲ ಅವನು ಜೊಂಡಣ್ಣ. ಕಾರ್ಖಾನೆ ಮುಚ್ಚಿ ಊರು ಹಾಳು ಬಿದ್ದಾಗ ವಿಷದ ಹೊಂಡದ ಅಂಚಿಗೆ ಮೊದಲ ಜೊಂಡಿನ ಬುಡ ನೆಟ್ಟವನು ಎಂಬ ಕಾರಣಕ್ಕೆ ಬಂದ ಹೆಸರು. ಅವನು ಊರಿಗೆ ಅಣ್ಣನಾದ ಮೇಲೆ ಅವಳು ತಾನಾಗಿಯೇ ಊರಿಗೆ ಅತ್ತಿಗೆಯಾದಳು. ಅವಳಿಗಿಂತ ಹಿರಿಯರು ಕೂಡ ಹಾಗೆಯೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವನು ಅವನೊಬ್ಬನೇ.

ಹೊರಗೆ ಜಗಲಿಯಲ್ಲಿ ಆಗಲೇ ಚಪ್ಪಲಿಗಳ ರಾಶಿ. ಜೊಂಡಿನ ಚಾಪೆ ನೇಯುವ ಹೆಂಗಸರು, ಬಲೆ ಬೀಸುವವರು, ದೋಣಿಯವರು, ಕೆರೆ ದಂಡೆಯಲ್ಲಿ ಊಟದ ಮನೆ ಇಟ್ಟವರು. ಎಲ್ಲರ ಅಂಗಡಿಗಳೂ ಇವತ್ತು ಮುಚ್ಚಿವೆಯಂತೆ. ಒಬ್ಬೊಬ್ಬರೂ ಒಳಗೆ ಬಂದು, ಮುಖ ನೋಡಿ, ಅತ್ತಿಗೆಯ ಕೈ ಹಿಡಿದು ಅದದೇ ಮಾತು ಹೇಳುತ್ತಿದ್ದರು: “ನೀವು ಪುಣ್ಯವಂತರು ಅತ್ತಿಗೆ. ಇಂಥ ಮನುಷ್ಯನ ಜೊತೆ ಬಾಳಿದಿರಿ.”

ಪ್ರತಿ ಸಲವೂ ಅವಳು ತಲೆ ತಗ್ಗಿಸಿದಳು. ದುಃಖ ಎಂದುಕೊಂಡರು ಜನ.

*

ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಹೊಳೆಗೆ ತನ್ನದು ಅಂತ ಒಂದು ಬಣ್ಣ ಇರಲಿಲ್ಲ. ಒಳಗೆ ಬಟ್ಟೆಗೆ ಯಾವ ಬಣ್ಣ ಹಾಕಿದರೋ ಸಂಜೆ ಹೊತ್ತಿಗೆ ಹೊಳೆಗೂ ಅದೇ ಬಣ್ಣ. ಶಾಲೆಯಲ್ಲಿ ಹೊಳೆಯ ಚಿತ್ರ ಬರೆಯಿರಿ ಅಂದರೆ ಮಕ್ಕಳು ಕೆಂಪು ಬಳಿಯುತ್ತಿದ್ದರು, ಮೇಷ್ಟರೂ ಸರಿ ಅಂತ ಗೀಟು ಹಾಕುತ್ತಿದ್ದರು. ಅದನ್ನು ಯಾರೂ ಕೆಟ್ಟದ್ದು ಅಂದುಕೊಂಡಿರಲಿಲ್ಲ. ಬಣ್ಣ ಹರಿಯಿತು ಅಂದರೆ ಕೆಲಸ ಇದೆ ಅಂತ ಲೆಕ್ಕ. ನೀರು ತಿಳಿಯಾದ ದಿನವೇ ಊರಿಗೆ ಎದೆ ಧಸಕ್ಕೆನ್ನುತ್ತಿದ್ದುದು.

ಅವನದು ತೂಬಿನ ಕೆಲಸ. ತೊಟ್ಟಿಗಳ ಹೊಲಸು ನೀರೆಲ್ಲ ಮೊದಲು ಹೊಂಡಕ್ಕೆ, ಹೊಂಡ ತುಂಬಿದರೆ ಹೊಳೆಗೆ. ಹೊಂಡಕ್ಕೂ ಹೊಳೆಗೂ ನಡುವೆ ಒಂದು ಕಬ್ಬಿಣದ ಹಲಗೆ. ಮೇಲಿನವರು ಕೈ ಮಾಡಿದಾಗ ಚಕ್ರ ತಿರುಗಿಸಿ ಆ ಹಲಗೆಯನ್ನು ಎತ್ತಬೇಕು, ಮತ್ತೆ ಕೈ ಮಾಡಿದಾಗ ಇಳಿಸಬೇಕು. “ನಿನ್ನ ಗಂಡ ರಾಜ ಕಣೆ, ಇಡೀ ಹೊಳೆ ಅವನ ಕೈಯಲ್ಲಿದೆ,” ಎಂದು ಗೆಳತಿಯರು ಛೇಡಿಸುತ್ತಿದ್ದರು. ಹೊಸದಾಗಿ ಮದುವೆಯಾದ ಅವಳಿಗೂ ಅದು ಹೆಮ್ಮೆಯ ಮಾತೇ ಆಗಿತ್ತು.

ಚೊಚ್ಚಲು ಗಂಡುಮಗು. ಇನ್ನೂ ಮಗುಚಿ ಬೀಳುವುದನ್ನು ಕಲಿಯುತ್ತಿದ್ದ ಕೂಸಿಗೆ ಬೇಸಗೆಯಲ್ಲಿ ಹೊಟ್ಟೆ ಕೆಟ್ಟಿತು. ಬಾಯಾರುತ್ತದೆ ಅಂತ ಅವಳು ಹಿತ್ತಿಲ ಬಾವಿಯ ನೀರನ್ನು ಚಮಚದಲ್ಲಿ ಕುಡಿಸುತ್ತಲೇ ಇದ್ದಳು. ಕುಡಿಸಿದಷ್ಟೂ ಮಗು ಬಾಡಿತು. ಡಾಕ್ಟರು ಬಾವಿ ಎಲ್ಲಿದೆ ಎಂದು ಕೇಳಿದರು. ಹೊಳೆದಂಡೆಯಲ್ಲಿ ಅಂದಳು. ಅವರು ಅವಳ ಮುಖ ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, “ಆ ನೀರು ಕೊಡಬಾರದಿತ್ತಮ್ಮ,” ಎಂದರು.

ಕುಡಿಸಿದ ಕೈ ಅವಳದು. ತೂಬು ಎತ್ತಿದ ಕೈ ಅವನದು. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಗುತ್ತಿತ್ತು, ಜಗಳವಾಗಿದ್ದರೆ ಬಹುಶಃ ಮುಗಿಯುತ್ತಿತ್ತು. ಮರುವಾರ ಅವನು ಕೆಲಸಕ್ಕೆ ಹೋದ. ಬೇರೆ ಕೆಲಸ ಊರಿನಲ್ಲಿ ಇರಲಿಲ್ಲ.

ವರ್ಷಗಳು ಕಳೆದು ಮಗಳು ಹುಟ್ಟಿದಳು. ಅವಳು ಶಾಲೆಗೆ ಹೋಗುವಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿತು. ಯಂತ್ರಗಳನ್ನು ಲಾರಿಗೆ ಹೇರಿಕೊಂಡು ಹೋದರು, ಹೊಂಡವನ್ನು ಮಾತ್ರ ಬಿಟ್ಟುಹೋದರು. ಅದರ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ. ಕಲ್ಲು ಎಸೆದರೆ ಮುಳುಗದೆ ಒಂದು ಗಳಿಗೆ ಅಲ್ಲೇ ಕೂತಿರುತ್ತಿತ್ತು. ಅರ್ಧ ಊರು ಗಂಟುಮೂಟೆ ಕಟ್ಟಿತು. ಆಗ ಸರಕಾರದ ನೀರಿನ ಕಚೇರಿಯವರು ಬಂದು, ಜೊಂಡಿಗೆ ವಿಷ ಹೀರುವ ಗುಣ ಇದೆ, ನೆಡೋಣ, ಯಾರು ಬರುತ್ತೀರಿ ಎಂದು ಕೇಳಿದರು. ಜನ ನಕ್ಕರು. “ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,” ಅಂದರು. ಅವನು ಎದ್ದು ಹೋದ. ಹೊಟ್ಟೆಪಾಡು ಅಂದುಕೊಂಡರು ಎಲ್ಲರೂ. ಅವಳೂ ಅಂದುಕೊಂಡಳು.

ನೆಟ್ಟದ್ದು ಸತ್ತಿತು. ಮತ್ತೆ ನೆಟ್ಟ. ಮೊದಮೊದಲು ಬಂದ ಜೊಂಡನ್ನು ಕೊಯ್ದು ದೂರದ ಭಟ್ಟಿಗೆ ಕಳಿಸಿ ಸುಡಿಸಬೇಕಾಗಿತ್ತು, ಅಷ್ಟು ವಿಷ. ಆಮೇಲಾಮೇಲೆ ಚಾಪೆಗೆ ಬರುವಂಥ ಜೊಂಡು ಬಂತು. ಬೆಳ್ಳಕ್ಕಿ ಬಂದು ಕೂತವು. ಹೋದವರಲ್ಲಿ ಕೆಲವರು ವಾಪಸ್ಸು ಬಂದರು. ಹೊಂಡ ಅನ್ನುವ ಮಾತು ಯಾವಾಗ ಬಿಟ್ಟುಹೋಗಿ ಕೆರೆ ಅನ್ನುವ ಮಾತು ಬಂತೋ ಯಾರಿಗೂ ನೆನಪಿಲ್ಲ. ಕಡೆಗೆ ಮೀನು ಬಿಟ್ಟರು.

*

“ಟೀ ಯಾರಿಗೆ ಬೇಕು?” ಎನ್ನುತ್ತ ಮಗಳು ತಟ್ಟೆ ಹಿಡಿದು ಜಗಲಿಗೆ ಹೋದಳು. ಕೆರೆ ನೋಡಲು ಬರುವವರನ್ನು ದೋಣಿಯಲ್ಲಿ ಸುತ್ತಿಸುವ ಕೆಲಸ ಅವಳದು. ಹುಟ್ಟು ಹಾಕಿ ಹಾಕಿ ಭುಜ ಗಟ್ಟಿಯಾಗಿದ್ದ ಹುಡುಗಿ. ಅಳುವುದಾದರೆ ಬೆಳಗಾಗುವ ಮೊದಲೇ ಅತ್ತು ಮುಗಿಸಿದ್ದಳು. ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತಿದ್ದ ಅತ್ತಿಗೆಗೆ ಜಗಲಿಯ ಮಾತು ನಿಚ್ಚಳವಾಗಿ ಕೇಳಿಸುತ್ತಿತ್ತು.

ಮಾತಿನ ಮುಂದಾಳು ಕೆರೆ ಸಂಘದ ಅಧ್ಯಕ್ಷರು. ಹಿಂದೆ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತರಾಗಿದ್ದವರು. ಸಾವಿನ ಮನೆಯಲ್ಲೂ ನಗಿಸಬಲ್ಲ ನಾಲಿಗೆ.

“ನಮ್ಮ ಜೊಂಡಣ್ಣ ಸಂತೆಗೆ ಒಲೆ ಹೊತ್ಕೊಂಡು ಹೋಗ್ತಿದ್ದ ಕಾಲ ನಿಮಗ್ಯಾರಿಗೂ ಗೊತ್ತಿಲ್ಲ ಕಣ್ರೋ,” ಎಂದು ಎಳೆಯರಿಗೆ ಹೇಳುತ್ತಿದ್ದರು. “ನಮ್ಮ ಮೀನು ಅಂದ್ರೆ ಜನ ಮೂಗು ಮುಚ್ಚೋರು. ಇವನು ಸಂತೆ ನಡುವೆ ಬಾಣಲೆ ಇಟ್ಟು, ಮೀನು ಹುರಿದು, ಎಲ್ಲರ ಮುಂದೆ ಕೂತು ಗಬಗಬ ತಿನ್ನೋನು. ತಿಂದು ಏನನ್ನೋನು ಗೊತ್ತಾ? ‘ಸ್ವಾಮಿ, ಈ ಮೀನನ್ನ ನನ್ನ ಹೆಂಡತಿ ಉಗುಳಿದಳು ಅಂತ ಕೇಳಿದ್ದೀರಲ್ಲ, ನಿಜ. ಯಾಕೆ ಉಗುಳಿದಳು? ಮುಳ್ಳು! ಮೀನು ಹೆಚ್ಚಿದವನು ನಾನು. ತೂಬು ಎತ್ತೋದು ಬಿಟ್ಟು ಬೇರೆ ಕೆಲಸ ಕಲೀದಿರೋ ಗಂಡನನ್ನ ಕಟ್ಕೊಂಡರೆ ಗಂಟಲಿಗೆ ಮುಳ್ಳೇ ಗತಿ. ಬೈಯೋದಾದರೆ ನನ್ನನ್ನ ಬೈಯಿರಿ, ಮೀನನ್ನಲ್ಲ!’ ಜನ ಹೊಟ್ಟೆ ಹಿಡ್ಕೊಂಡು ನಗೋರು. ನಕ್ಕವರು ಕೊಳ್ಳೋರು. ಆ ಮುಳ್ಳೇ ಈ ಊರನ್ನ ಎತ್ತಿ ನಿಲ್ಲಿಸಿದ್ದು.”

ಜಗಲಿಯಲ್ಲಿ ಮೆಲ್ಲನೆ ನಗು ಹರಿದಾಡಿತು.

“ನಾನು ಶಿಲ್ಪಿಗೆ ಹೇಳಿಬಿಟ್ಟಿದ್ದೀನಿ,” ಅಧ್ಯಕ್ಷರು ಮುಂದುವರಿಸಿದರು. “ಕೆರೆ ಏರಿ ಮೇಲೆ ಒಂದು ಕಲ್ಲು ನಿಲ್ಲಿಸೋದು. ಅದರ ಮೇಲೆ ಈ ಮುಳ್ಳಿನ ಕತೆ ಕೆತ್ತಿಸೋದು. ನೋಡೋಕೆ ಬಂದವರು ಓದಬೇಕು. ಅತ್ತಿಗೆ ಹೆಸರೂ ಇರಬೇಕು ಅದರಲ್ಲಿ.”

ಒಲೆಯ ಮೇಲಿದ್ದ ನೀರು ಉಕ್ಕಿ ಕುದಿಯುತ್ತಿತ್ತು. ಅತ್ತಿಗೆಗೆ ಟೀ ಪುಡಿ ಹಾಕಿದೆನೋ ಇಲ್ಲವೋ ಎಂಬುದು ಮರೆತುಹೋಗಿತ್ತು.

*

ಆವತ್ತು ಕೆರೆದಂಡೆಯಲ್ಲಿ ಉದ್ದಕ್ಕೂ ಚಾಪೆ ಹಾಸಿದ್ದರು. ನೀರಿನ ಕಚೇರಿಯವರು ಮೀನನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ತಿನ್ನಬಹುದು ಎಂದು ಹೇಳಿಯಾಗಿತ್ತು. ಹೇಳಿದರೆ ಜನ ನಂಬಬೇಕಲ್ಲ. ಅದಕ್ಕೇ ಸುತ್ತಲ ಊರಿನ ವ್ಯಾಪಾರಿಗಳನ್ನೆಲ್ಲ ಕರೆದು ಊಟ ಹಾಕುವುದು ಎಂದಾಯಿತು. ಮೀನನ್ನು ಅವನೇ ಹಿಡಿದ, ಅವನೇ ಹೆಚ್ಚಿದ, ಅವನೇ ಹುರಿದ.

“ಮೊದಲ ತುತ್ತು ಅತ್ತಿಗೆಯದು!” ಎಂದು ಯಾರೋ ಕೂಗಿದರು. ಅಧ್ಯಕ್ಷರೇ ಇರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ತಟ್ಟೆ ಹಿಡಿದು ಅವಳ ಮುಂದೆ ಬಂದ. ಮದುವೆಯಾದಂದಿನಿಂದ ಅವನ ಮುಖದಲ್ಲಿ ಅಂಥ ಕಳೆಯನ್ನು ಅವಳು ನೋಡಿರಲಿಲ್ಲ. ಕಣ್ಣು ಅವಳ ಕೈಯನ್ನೇ ನೋಡುತ್ತಿತ್ತು. ಅವನು ಕೇಳುತ್ತಿರುವುದು ಮೀನಿನ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿಯೇ ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು.

ರುಚಿ ಕೆಟ್ಟದ್ದೇನೂ ಇರಲಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಆದರೆ ಗಂಟಲು ತೆರೆಯಲಿಲ್ಲ. ನಾಲಿಗೆಯ ಮೇಲೆ ಮೀನಲ್ಲ, ಚಮಚ ಇದ್ದ ಹಾಗಾಯಿತು, ತಣ್ಣನೆಯ ಸ್ಟೀಲಿನ ಚಮಚ. ಸುತ್ತ ಜನ ನೋಡುತ್ತಿದ್ದರು. ಅವಳು ನಕ್ಕಳು, ತಲೆಯಾಡಿಸಿದಳು, ಕೆಮ್ಮು ಬಂದವಳ ಹಾಗೆ ಆಚೆ ತಿರುಗಿ ಕರ್ಚೀಫಿಗೆ ಉಗುಳಿ ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಳು. ತಿರುಗಿದ ಕಡೆ ಒಬ್ಬಳು ನಿಂತಿದ್ದಳು. ಪೇಟೆಯ ಮೀನಿನಕ್ಕ. ಮೀನು ಮಾರುವುದೇ ಬದುಕಾಗಿದ್ದ ಹೆಂಗಸು. ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಸಂಜೆಯಾಗುವ ಮೊದಲೇ ಸುದ್ದಿ ಹಬ್ಬಿತು. ಅವನ ಹೆಂಡತಿಯೇ ಉಗುಳಿದಳಂತೆ! ಬಂದ ವ್ಯಾಪಾರಿಗಳು ಬಂದ ದಾರಿ ಹಿಡಿದರು. ಹಿಡಿದ ಮೀನು ದಂಡೆಯಲ್ಲಿ ಕೊಳೆಯಿತು. ಸಂಘಕ್ಕೆ ಬೀಗ ಬೀಳುವುದೊಂದು ಬಾಕಿ. ವಾಪಸ್ಸು ಬಂದಿದ್ದ ಸಂಸಾರಗಳು ಮತ್ತೆ ಗಂಟು ಕಟ್ಟಿದವು.

ಅವನು ಮನೆಗೆ ಬಂದು ಕೈಕಾಲು ತೊಳೆದ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ, “ಮುಳ್ಳು ಸಿಕ್ಕಿಕೊಂಡಿತ್ತಾ? ನಾನು ಸರಿಯಾಗಿ ಹೆಚ್ಚಲಿಲ್ಲ,” ಎಂದ.

ಒಂದು ಗಳಿಗೆ. ಆ ಒಂದು ಗಳಿಗೆಯಲ್ಲಿ ಇಲ್ಲ ಅನ್ನಬಹುದಿತ್ತು.

“ಹ್ಞೂಂ,” ಎಂದಳು. “ಮುಳ್ಳು.”

ಆಮೇಲೆ ಅವನು ವಾರವಾರ ಮೀನು ತಂದ. ಅವಳು ಹುರಿದು ಬಡಿಸಿದಳು, ಅವನಿಗೂ ಮಗಳಿಗೂ. “ನೀನು?” ಅಂದರೆ, “ಆಮೇಲೆ ತಿಂತೀನಿ, ನೀವು ತಿನ್ನಿ,” ಅನ್ನುತ್ತಿದ್ದಳು. ತನ್ನ ಪಾಲನ್ನು ಹಿತ್ತಿಲ ಬೆಕ್ಕಿಗೆ ಹಾಕುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಅವನು ಕೇಳುವುದನ್ನು ಬಿಟ್ಟ. ಇನ್ನೂ ಕೆಲವು ತಿಂಗಳಾದ ಮೇಲೆ, ತರುವಾಗಲೇ ಇಬ್ಬರಿಗಾಗುವಷ್ಟು ಮಾತ್ರ ತರತೊಡಗಿದ. ಅವನಿಗೆ ಗೊತ್ತಿರಬಹುದೇ ಎಂಬ ಯೋಚನೆ ಅವಳಿಗೆ ಬರುತ್ತಿತ್ತು. ಬಂದಾಗಲೆಲ್ಲ ಪಾತ್ರೆ ತಿಕ್ಕಲು ಎದ್ದು ಹೋಗುತ್ತಿದ್ದಳು.

*

ಶವದ ಪೆಟ್ಟಿಗೆಯನ್ನು ಬಡಗಿ ಇನ್ನೂ ತಂದಿರಲಿಲ್ಲ. ಅತ್ತಿಗೆ ಹಿತ್ತಿಲ ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಮೀನಿನಕ್ಕ ಕೂತಿದ್ದಳು. ಈಗ ಮುಪ್ಪಾಗಿ, ಬೆನ್ನು ಬಾಗಿ, ಕೈಯಲ್ಲಿ ಕೋಲು ಬಂದಿತ್ತು. ಇಷ್ಟು ವರ್ಷ ಬೀದಿಯಲ್ಲಿ ಎದುರಾದರೆ ಇಬ್ಬರೂ ಮಳೆ ಬಿಸಿಲಿನ ಮಾತಾಡಿ ದಾಟಿಹೋಗುತ್ತಿದ್ದರು.

“ಕೂತ್ಕೋ,” ಎಂದಳು ಮೀನಿನಕ್ಕ. “ಅಧ್ಯಕ್ಷನ ಮಾತು ನಿನಗೂ ಕೇಳಿಸಿತಾ? ಕಲ್ಲಿನಲ್ಲಿ ಕೆತ್ತಿಸ್ತಾನಂತೆ.”

ಅತ್ತಿಗೆ ಕೂತಳು.

“ಆವತ್ತು ನೋಡಿದವಳು ನಾನು. ಊರಿಗೆ ಸಾರಿದವಳೂ ನಾನೇ. ನಿನಗೆ ಗೊತ್ತಲ್ಲ?”

“ಗೊತ್ತು.”

“ಮರುದಿನ ಬೆಳಗ್ಗೆ ನನ್ನ ಬಾಗಿಲಿಗೆ ಬಂದ. ಉಗಿದು ಹೋಗ್ತಾನೆ ಅಂದ್ಕೊಂಡು ನಾನೂ ನಾಲಿಗೆ ಮಸೆದ್ಕೊಂಡು ನಿಂತಿದ್ದೆ. ಅವನು ಹೊಸ್ತಿಲಾಚೆನೇ ನಿಂತು, ‘ಅಕ್ಕಾ, ಅದು ಮುಳ್ಳು ಅಂತ ಹೇಳ್ಬಿಡು’ ಅಂದ. ನಾನು ಬಿಟ್ಟೆನಾ? ‘ಮುಳ್ಳೂ ಇಲ್ಲ ಮಣ್ಣೂ ಇಲ್ಲ. ನಲವತ್ತು ಮನೆಗೆ ಮೀನು ಮಾರಿದವಳು ನಾನು. ಮುಳ್ಳು ಸಿಕ್ಕಿದವರು ಬೆರಳು ಹಾಕ್ತಾರೆ, ಕಣ್ಣಲ್ಲಿ ನೀರು ತರ್ತಾರೆ. ನಿನ್ನ ಹೆಂಡ್ತಿ ನಕ್ಕೊಂಡು ಉಗುಳಿದಳು. ಅವಳಿಗೆ ನಿನ್ನ ಮೀನು ಅಂದ್ರೆ ಹೇಸಿಗೆ’ ಅಂದೆ.”

ಅತ್ತಿಗೆ ಮಂಡಿಯ ಮೇಲಿನ ಬಟ್ಟೆಯನ್ನು ಹಿಡಿದುಕೊಂಡಳು. “ಅದಕ್ಕೆ ಏನಂದರು?”

ಮೀನಿನಕ್ಕ ಕೋಲಿನ ತುದಿಯಿಂದ ನೆಲ ಕೆದಕಿದಳು. “ಹೇಳಬಾರದು ಅಂತ ಇಷ್ಟು ವರ್ಷ ನುಂಗಿಕೊಂಡಿದ್ದೆ. ಇನ್ನು ಯಾರಿಗಾಗಿ ನುಂಗಲಿ? ‘ಅವಳಿಗೆ ಹೇಸಿಗೆ ಮೀನಿನ ಮೇಲಲ್ಲ ಅಕ್ಕಾ, ತೂಬು ಎತ್ತಿದ ಕೈ ಮೇಲೆ. ಅದು ನ್ಯಾಯವೇ. ಆದರೆ ಊರವರ ಬಾಯಲ್ಲಿ ಅವಳು ಬೀಳೋದು ಬೇಡ’ ಅಂದ. ಆಮೇಲೆ ನಾನೂ ಕೇಳಿದವರಿಗೆಲ್ಲ ಮುಳ್ಳು ಅಂತಲೇ ಹೇಳ್ಕೊಂಡು ಬಂದೆ.”

ಹಿತ್ತಿಲಲ್ಲಿ ಹಳೆಯ ಬಾವಿ ಕಲ್ಲು ಮುಚ್ಚಿಕೊಂಡು ಕೂತಿತ್ತು. ಅತ್ತಿಗೆ ಅದನ್ನೇ ನೋಡಿದಳು. ಹಾಗಲ್ಲ, ಅವರ ಕೈ ಮೇಲೆ ನನಗೆ ಎಂದೂ ಹೇಸಿಗೆ ಇರಲಿಲ್ಲ ಎಂದು ಹೇಳಬೇಕು ಅನ್ನಿಸಿತು. ಇರಲೇ ಇಲ್ಲವೇ? ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ನಿದ್ದೆಯಲ್ಲಿ ಆ ಕೈ ಮೈಮೇಲೆ ಬಿದ್ದಾಗ ಮೆಲ್ಲನೆ ಎತ್ತಿ ಆಚೆ ಇಟ್ಟದ್ದು ಎಷ್ಟು ಸಲವೋ. ಸೆಕೆ ಅನ್ನುತ್ತಿದ್ದಳು. ಚಳಿಗಾಲದಲ್ಲೂ.

“ಅವರು ಹಾಗೆ ಅಂದುಕೊಂಡೇ ಹೋಗಿಬಿಟ್ಟರಾ?” ಎಂದಳು.

ಮೀನಿನಕ್ಕ ಕೋಲೂರಿ ಎದ್ದಳು. “ಪೆಟ್ಟಿಗೆ ಬಂತು ನೋಡು,” ಎಂದಳು.

*

ಸ್ಮಶಾನ ಕೆರೆ ಏರಿಯ ಬುಡದಲ್ಲೇ. ಹಿಂದೆ ಅಲ್ಲಿ ಕಾರ್ಖಾನೆಯ ಬೂದಿ ಸುರಿಯುತ್ತಿದ್ದರು. ಈಗ ಹುಲ್ಲು, ಅಲ್ಲಲ್ಲಿ ಎಳೆಯ ಮರ. ಪೆಟ್ಟಿಗೆಯನ್ನು ದೋಣಿಯವರು ಹೊತ್ತರು, ಮಗಳೂ ಹೆಗಲು ಕೊಟ್ಟಳು. ಗುಂಡಿಯ ಸುತ್ತ ಜನ ಒತ್ತೊತ್ತಾಗಿ ನಿಂತರು. ಒಂದು ಕಡೆ ಕಾರ್ಖಾನೆಯ ಬಣ್ಣದ ಮನೆಯಲ್ಲಿ ದುಡಿದ ಹಳಬರು, ಇನ್ನೊಂದು ಕಡೆ ಕೆರೆಯಿಂದ ಬದುಕು ಕಟ್ಟಿಕೊಂಡ ಎಳೆಯರು. ಹಾಗೆ ನಿಲ್ಲಿ ಅಂತ ಯಾರೂ ಹೇಳಿರಲಿಲ್ಲ.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಮಾತಿಗೆ ನಿಂತರು. ಜೊಂಡು ಸತ್ತದ್ದು, ಮತ್ತೆ ನೆಟ್ಟದ್ದು, ಬೆಳ್ಳಕ್ಕಿ ಬಂದದ್ದು ಎಲ್ಲ ಹೇಳಿ ಕಡೆಗೆ ಮುಳ್ಳಿನ ಕತೆಗೆ ಬಂದರು. ಗುಂಡಿಯ ದಂಡೆಯಲ್ಲೂ ಜನರ ತುಟಿಯಂಚಿನಲ್ಲಿ ನಗು ಮೂಡಿತು. “ಕಲ್ಲು ನಿಲ್ಲಿಸ್ತೀವಿ,” ಎಂದರು. “ಅತ್ತಿಗೆ, ನೀವೇ ಒಂದು ಮಾತು ಹೇಳಿ. ಆ ಮುಳ್ಳು ಎಷ್ಟು ದೊಡ್ಡದಿತ್ತು ಅಂತಾದರೂ ಹೇಳಿ!”

ಅತ್ತಿಗೆ ಪೆಟ್ಟಿಗೆಯನ್ನು ನೋಡಿದಳು. ಒಳಗೆ ಬೆನ್ನು ಹರಿದ ಅಂಗಿ ತೊಟ್ಟು ಮಲಗಿದ್ದಾನೆ. ಸುಮ್ಮನಿದ್ದರೆ ಇವತ್ತಿಗೆ ಎಲ್ಲ ಮುಗಿಯುತ್ತದೆ. ಸುಮ್ಮನಿದ್ದರೆ ನಾಳೆ ಕಲ್ಲಾಗುತ್ತದೆ.

“ಮುಳ್ಳಿರಲಿಲ್ಲ,” ಎಂದಳು.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. “ಏನಂದಿರಿ?”

“ಮುಳ್ಳಿರಲಿಲ್ಲ ಅಂದೆ. ಅವರು ಚೆನ್ನಾಗೇ ಹೆಚ್ಚಿದ್ದರು, ಚೆನ್ನಾಗೇ ಹುರಿದಿದ್ದರು. ನುಂಗೋಕೆ ನನ್ನಿಂದ ಆಗಲಿಲ್ಲ. ಉಗುಳಿದೆ. ನನ್ನ ಮಾನ ಉಳಿಸೋಕೆ ಅವರು ಮುಳ್ಳು ಅಂದರು, ನಾನೂ ಹ್ಞೂಂ ಅಂದೆ. ಆವತ್ತಿನಿಂದ ಇವತ್ತಿನವರೆಗೆ ಈ ಕೆರೆಯ ಮೀನನ್ನ ನಾನು ಒಂದು ತುತ್ತೂ ತಿಂದಿಲ್ಲ. ಅದನ್ನ ಕಲ್ಲಿನಲ್ಲಿ ಕೆತ್ತಿಸಿ.”

ಯಾರೋ ಕೆಮ್ಮಿದರು. ಯಾರೋ ಕಾಲು ಬದಲಿಸಿದರು. ಹಳಬರ ಸಾಲಿನಲ್ಲಿ ಬಾಯ್ಲರ್ ತಾತ ನಿಂತಿದ್ದ. ಉಗಿಯ ಗದ್ದಲದಲ್ಲಿ ದುಡಿದು ದುಡಿದು ಕಿವಿ ಪೂರಾ ಹೋಗಿತ್ತು. “ಏನಂದ್ಲು? ಏನಂದ್ಲು?” ಎಂದು ಪಕ್ಕದವನ ತೋಳು ಜಗ್ಗಿದ.

ಪಕ್ಕದವನು ಅವನ ಕಿವಿಗೆ ಬಾಯಿಟ್ಟು, “ಅತ್ತಿಗೆ ನಮ್ಮ ಕೆರೆ ಮೀನು ತಿನ್ನಲ್ವಂತೆ!” ಎಂದ.

“ಅಷ್ಟೇನಾ?” ಎಂದ ತಾತ. ಕಿವುಡರ ಮಾತು, ಇಡೀ ಸ್ಮಶಾನಕ್ಕೆ ಕೇಳಿಸಿತು. “ಅದಕ್ಯಾಕೆ ಇಷ್ಟು ರಾಮಾಯಣ? ಯಾರು ತಿಂತಾರೆ ಅದನ್ನ? ನಮ್ಮನೇಲೂ ತಿನ್ನಲ್ಲ. ಅಧ್ಯಕ್ಷರ ಮನೇಲೂ ಕೋಳಿನೇ ತರೋದು!”

ಅಧ್ಯಕ್ಷರು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. ಹಳಬರ ಸಾಲಿನಲ್ಲಿ ತಲೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಊಟದ ಮನೆ ಇಟ್ಟವಳು ಪಕ್ಕದವಳನ್ನು ನೋಡಿದಳು, ಪಕ್ಕದವಳು ನೆಲ ನೋಡಿದಳು. ನಾದಿನಿ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಿದ್ದಳು. ಅಣ್ಣ ಕೊಟ್ಟು ಕಳಿಸುತ್ತಿದ್ದ ಮೀನನ್ನೆಲ್ಲ ಅವಳು ಏನು ಮಾಡುತ್ತಿದ್ದಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹಳಬರೆಲ್ಲ ಕೆರೆಯನ್ನು ಹಾಡಿ ಹೊಗಳಿ, ಬಂದವರಿಗೆಲ್ಲ ಉಣಿಸಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬೇರೆಯದನ್ನು ಉಣ್ಣುತ್ತ ಬಂದಿದ್ದರು. ತಾವೊಬ್ಬರೇ ಎಂದು ಹೆಚ್ಚಿನವರೆಲ್ಲ ಅಂದುಕೊಂಡಿದ್ದರು. ಅವರಲ್ಲಿ ನಿಜವಾಗಿ ತಿಂದವನು ಪೆಟ್ಟಿಗೆಯಲ್ಲಿದ್ದವನು ಒಬ್ಬನೇ.

ಅತ್ತಿಗೆಗೆ ಹಗುರಾಗಬೇಕಿತ್ತು. ಆಗಲಿಲ್ಲ. ಜೊತೆಗೆ ಇಷ್ಟು ಜನ ಇದ್ದರು ಅಂತ ಗೊತ್ತಾದರೆ ನಾಚಿಕೆ ಹಂಚಿ ಹೋಗುವುದಿಲ್ಲ, ಪ್ರತಿಯೊಬ್ಬರಿಗೂ ಪೂರ್ತಿಯೇ ಸಿಗುತ್ತದೆ.

“ಅಮ್ಮಾ.”

ಮಗಳು ಗುಂಡಿಯ ಆಚೆ ದಂಡೆಯಲ್ಲಿ ನಿಂತಿದ್ದಳು. ಅವಳ ಹಿಂದೆ ಅವಳ ವಾರಗೆಯವರು. ಅವರು ಯಾರೂ ನೆಲ ನೋಡುತ್ತಿರಲಿಲ್ಲ. ಎಲ್ಲರೂ ಈ ಕಡೆಗೇ ನೋಡುತ್ತಿದ್ದರು.

“ನನಗೆ ಬಡಿಸ್ತಿದ್ದೆಯಲ್ಲಮ್ಮ?”

ಗಾಳಿಗೆ ಜೊಂಡು ಸರಸರ ಸದ್ದು ಮಾಡಿತು.

“ವಾರವಾರ ಹುರಿದು ಬಡಿಸ್ತಿದ್ದೆ. ಇನ್ನೊಂದು ಹಾಕ್ಕೋ ಅಂತಿದ್ದೆ. ನಿನಗೆ ನುಂಗೋಕಾಗದೇ ಇರೋದನ್ನ ನನ್ನ ತಟ್ಟೆಗೆ ಹೇಗೆ ಹಾಕ್ತಿದ್ದೆ?”

“ಮೀನು ಒಳ್ಳೇದೇ ಕಣೆ. ಪರೀಕ್ಷೆ ಮಾಡಿದ್ದಾರೆ...” ಎಂದಳು ಅತ್ತಿಗೆ.

“ಮೀನು ಒಳ್ಳೇದು ಅಂತ ನನಗೆ ಗೊತ್ತು. ನಿನಗೆ ಗೊತ್ತಿರಲಿಲ್ಲವಲ್ಲ.”

ಅತ್ತಿಗೆಯ ಬಾಯಿ ತೆರೆದುಕೊಂಡಿತು. ಅಪ್ಪ ನೋಡುತ್ತಿದ್ದರು, ಬೇಡ ಅಂದರೆ ಅವರಿಗೆ ಗೊತ್ತಾಗುತ್ತಿತ್ತು, ನೀನು ತಿಂದ ರಾತ್ರಿಯೆಲ್ಲ ನಿನ್ನ ಹಣೆ ಮುಟ್ಟಿ ನೋಡುತ್ತ ಎಚ್ಚರವಿರುತ್ತಿದ್ದೆ ಎಂಬ ಮಾತುಗಳೆಲ್ಲ ಒಟ್ಟಿಗೇ ಬಂದು ಒಂದೂ ಹೊರಗೆ ಬರಲಿಲ್ಲ. ಬಂದಿದ್ದರೂ ಅವು ಉತ್ತರವಾಗುತ್ತಿರಲಿಲ್ಲ.

ಮಗಳು ಬಗ್ಗಿ ಹಗ್ಗ ಹಿಡಿದಳು. “ಇಳಿಸೋಣ,” ಎಂದಳು ದೋಣಿಯವರಿಗೆ.

ಪೆಟ್ಟಿಗೆ ಇಳಿಯಿತು. ಹಿಂದಿನ ರಾತ್ರಿಯ ಮಳೆಗೆ ಮಣ್ಣು ಜಿಗುಟಾಗಿತ್ತು. ಗುದ್ದಲಿಗಳು ಕೆಲವೇ ಇದ್ದವು. ಉಳಿದವರು ಬೊಗಸೆಯಲ್ಲೇ ತುಂಬಿ ಹಾಕಿದರು. ಅತ್ತಿಗೆ ಮಂಡಿಯೂರಿ ಎರಡೂ ಕೈಯಿಂದ ಎಳೆದು ಎಳೆದು ಹಾಕಿದಳು, ಯಾರು ಸಾಕು ಅಂದರೂ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಎಳೆಯರು ಏರಿ ಹತ್ತಿ ಕೆರೆಗೆ ಇಳಿದರು. ಮಂಡಿಯುದ್ದ ನೀರಿನಲ್ಲಿ ನಿಂತು ಕೈ ತೊಳೆದರು, ಮುಖ ತೊಳೆದರು. ಮಗಳು ಬೊಗಸೆ ತುಂಬ ನೀರೆತ್ತಿ ಬಾಯಿ ಮುಕ್ಕಳಿಸಿದಳು. ಈ ಕಡೆ ತಿರುಗಲಿಲ್ಲ.

ಹಳಬರ ಕಾಲುಗಳು ಅಭ್ಯಾಸಬಲದಿಂದ ಬೇರೆ ಕಡೆಗೆ ನಡೆದವು. ಸ್ಮಶಾನದ ಗೇಟಿನ ಬಳಿ ಒಂದು ನಲ್ಲಿ. ಕೆರೆಯದಲ್ಲ, ದೂರದ ಗುಡ್ಡದಿಂದ ಕೊಳವೆಯಲ್ಲಿ ಬರುವ ನೀರು. ಅಲ್ಲಿ ತಾವಾಗಿಯೇ ಸಾಲು ಕಟ್ಟಿದರು. ಕೆಸರಾದ ಕೈಗಳನ್ನು ಬಟ್ಟೆಗೆ ತಗುಲದಂತೆ ಮುಂದಕ್ಕೆ ಚಾಚಿಕೊಂಡು ಒಬ್ಬರ ಹಿಂದೆ ಒಬ್ಬರು ನಿಂತರು. ಅತ್ತಿಗೆಯೂ ನಿಂತಿದ್ದಳು.

ಅಧ್ಯಕ್ಷರು ಮುಂದೆ ಇದ್ದರು. ಮೊಣಕೈಯಿಂದ ತಿರುವಿ ನಲ್ಲಿ ಬಿಟ್ಟರು. ನೀರು ಕಲ್ಲಿನ ಮೇಲೆ ಬಿದ್ದು ಸಿಡಿಯಿತು. ಅವರು ಕೈ ಒಡ್ಡಲು ಹೋದವರು ತಡೆದು, ಪಕ್ಕಕ್ಕೆ ಸರಿದು, “ನೀವು ಮೊದಲು ಅತ್ತಿಗೆ,” ಎಂದರು.

“ಬೇಡ. ನೀವು ತೊಳ್ಕೊಳ್ಳಿ.”

“ತಾತ, ನೀನು?”

ಬಾಯ್ಲರ್ ತಾತ ಈ ಸಲ ಕೇಳಿಸದೆಯೇ ಅರ್ಥ ಮಾಡಿಕೊಂಡ. ಬೇಡ ಎಂದು ತಲೆ ಅಲ್ಲಾಡಿಸಿದ.

ಏರಿಯ ಆಚೆಯಿಂದ ನೀರು ಬಡಿಯುವ ಸದ್ದು, ಎಳೆಯರ ಮೆಲುಮಾತು ಕೇಳಿಬರುತ್ತಿತ್ತು. ಸಾಲು ಮುಂದೆ ಹೋಗಲಿಲ್ಲ, ಚದುರಲೂ ಇಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಚಾಚಿದ ಕೈಗಳ ಮೇಲೆ ಮಣ್ಣು ಮೆಲ್ಲಗೆ ಒಣಗಿ, ಬೆರಳ ಗೆಣ್ಣುಗಳಲ್ಲಿ ಬಿರುಕು ಬಿಡತೊಡಗಿತ್ತು.